ಹಾಳು ನೋಡುವ ಶಾಸ್ತ್ರ

ನಮ್ಮೂರಲ್ಲಿ ಮನೆ ಕಟ್ಟುವವರು ಮೊದಲು ಗುಡ್ಡ ಹತ್ತಿ ಇನ್ನೂ ಕಟ್ಟಿರದ ಆ ಮನೆಯ ಹಾಳನ್ನು ಹುಡುಕಬೇಕು. ಹಾಳು ಸಿಕ್ಕ ಮೇಲೆಯೇ ಪಾಯ. ಬೇರೆ ಊರುಗಳಲ್ಲಿ ಹೆಣ್ಣು ನೋಡುವ ಶಾಸ್ತ್ರ ಇರುವ ಹಾಗೆ ನಮ್ಮಲ್ಲಿ ಹಾಳು ನೋಡುವ ಶಾಸ್ತ್ರ. ಎಲೆ ಅಡಿಕೆ, ಮಧ್ಯಾಹ್ನಕ್ಕೊಂದು ಬುತ್ತಿ, ಮನೆಯ ನಕ್ಷೆ, ಜೊತೆಗೆ ಕಟ್ಟುವ ಮೇಸ್ತ್ರಿ, ಇಷ್ಟಿದ್ದರೆ ಸಾಕು. ಗುಡ್ಡ ಊರ ಪಡುವಣಕ್ಕಿದೆ. ಅದರ ಮೈತುಂಬ ಬಿದ್ದ ಗೋಡೆ, ಮುರಿದ ಕಂಬ, ತಲೆ ಹೋದ ಬಾಗಿಲು. ಸರಕಾರದವರು ಸುತ್ತ ತಂತಿ ಬೇಲಿ ಬಿಗಿದು, ‘ಐತಿಹಾಸಿಕ ಉದ್ಯಾನ’ ಎಂದು ಕಮಾನು ನಿಲ್ಲಿಸಿ, ಕಾಲುಹಾದಿಗಳ ಬಂಡೆಗಳಿಗೆ ಬಣ್ಣದ ಬಾಣ ಬಳಿದಿದ್ದಾರೆ. ಭಾನುವಾರ ಪರವೂರಿನವರು ಬಂದು ಅರಮನೆ, ರಾಣಿವಾಸ ಎಂದು ನಿಂತು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ‘ರಾಣಿಯ ಸ್ನಾನದ ಕೊಳ’ ಎಂದು ಬೋರ್ಡು ಇರುವ ಜಾಗ ನಮ್ಮ ಹಲ್ಲಿನ ಡಾಕ್ಟರು ಮುಂದೆಂದೋ ಕಟ್ಟಿಸಲಿರುವ ನೀರಿನ ಟಾಕಿ ಎಂದು ಊರಿಗೆಲ್ಲ ಗೊತ್ತು. ನಾವು ಯಾರೂ ತಿದ್ದಲು ಹೋಗುವುದಿಲ್ಲ. ಅವರ ಖುಷಿ ಅವರಿಗೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಾವು ನೋಡಿ ಕಟ್ಟುವವರು. ನೋಡಿದ್ದರಿಂದ ಬುದ್ಧಿ ಬರುತ್ತದೆ ಎಂದೇನಿಲ್ಲ. ಹಿಟ್ಟಿನ ಗಿರಣಿಯ ಅಣ್ಣತಮ್ಮಂದಿರು ತಮ್ಮ ಹಾಳಿನಲ್ಲಿ ಅಡುಗೆಮನೆಯ ನಡುವೆ ಒಂದು ಅಡ್ಡಗೋಡೆ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾವು ಬೇರೆಯಾಗುವುದೇ ಎಂದು. ಆರನೇ ವರ್ಷಕ್ಕೆ ಅದೇ ಜಾಗದಲ್ಲಿ ಅದೇ ಗೋಡೆ ಎದ್ದಿತು. ಪೋಸ್ಟಿನವರ ಹಾಳಿನಲ್ಲಿ ಒಲೆಯ ಗೋಡೆ ಕಪ್ಪಗೆ ಸುಟ್ಟಿತ್ತು. ಅವರು ಇಪ್ಪತ್ತು ವರ್ಷದಿಂದ ಅಂಗಳದಲ್ಲೇ ಅಡುಗೆ ಮಾಡುತ್ತಿದ್ದಾರೆ, ಮಳೆ ಬಂದರೆ ಅವಲಕ್ಕಿ. ಹಾಳು ಹುಡುಕದೆ ಕಟ್ಟಲು ಹೊರಟವರು ಒಬ್ಬರೇ, ಹೈಸ್ಕೂಲಿನ ಗಣಿತದ ಮಾಸ್ತರರು. ಆ ಮನೆಗೆ ಏನೂ ಕೆಡುಕಾಗಲಿಲ್ಲ, ಅದು ಮುಗಿಯಲೂ ಇಲ್ಲ. ಇವತ್ತಿಗೂ ಕಬ್ಬಿಣದ ಸರಳು ಆಕಾಶಕ್ಕೆ ಚಾಚಿಕೊಂಡು ನಿಂತಿದೆ. ಮಾಸ್ತರರು ಬಾಡಿಗೆ ಮನೆಯಿಂದಲೇ ದಿನಾ ಬಂದು ಅದನ್ನು ನೋಡಿ ಹೋಗುತ್ತಾರೆ.

ನಾನು ಅನಸೂಯಾ. ಸಂತೆಪೇಟೆಯಲ್ಲಿ ಹೊಲಿಗೆ ಅಂಗಡಿ. ಕೊರಳಲ್ಲಿ ಸದಾ ಅಳತೆಪಟ್ಟಿ ಇರುತ್ತದೆ, ಮಾಂಗಲ್ಯ ಇಲ್ಲ, ಅದರ ಬಗ್ಗೆ ಬೇಸರವೂ ಇಲ್ಲ. ನನ್ನ ಅಕ್ಕ ನೀಲಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ಎಂಟು ಊರು ತಿರುಗಿ, ಎಂಟು ಊರಿನ ಕ್ವಾರ್ಟರ್ಸಿನಲ್ಲಿ ಇದ್ದು, ಅರವತ್ತಕ್ಕೆ ನಿವೃತ್ತಳಾಗಿ ನನ್ನ ಬಾಡಿಗೆ ಕೋಣೆಗೆ ಬಂದಳು. ಬಂದ ದಿನವೇ ಹೇಳಿದಳು, ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆಯಲು ಕೇಳಿ ಕೇಳಿ ಸಾಕಾಗಿದೆ, ಒಂದು ಸ್ವಂತ ಮನೆ ನೋಡಬೇಕು ಎಂದು. ನಾವಿಬ್ಬರೂ ಸೇರಿ ಕೆರೆಯ ಹಿಂದೆ ಒಂದು ಜಾಗ ಕೊಂಡೆವು. ಅದೇ ತಿಂಗಳು ಕಣ್ಣಿನ ಡಾಕ್ಟರು ಅವಳ ಎರಡೂ ಕಣ್ಣಿನ ನರ ಒಣಗುತ್ತಿದೆ ಎಂದರು. ಬದಿಯ ನೋಟ ಆಗಲೇ ಹೋಗಿತ್ತು. ನಡುವೆ ಒಂದು ಊಟದ ತಟ್ಟೆಯಷ್ಟು ಕಾಣುತ್ತಿತ್ತು. ಅದೂ ಹೆಚ್ಚೆಂದರೆ ಒಂದು ವರ್ಷ ಎಂದರು.

ಮೇಸ್ತ್ರಿ ದಾವಲಸಾಬ ಮನೆ ಏಳಲು ಹತ್ತು ತಿಂಗಳು ಬೇಕು ಎಂದ. ನಾನು ಬೆರಳು ಮಡಚಿ ನೋಡಿದೆ. ಹಾಳು ಹುಡುಕಲು ಎರಡು ತಿಂಗಳು ಕೈಯಲ್ಲಿತ್ತು, ಧಾರಾಳವಾಯಿತು ಅನ್ನಿಸಿತು. ಡಾಕ್ಟರು ಹೇಳಿದ್ದೆಲ್ಲ ನಿಜವಾಗಬೇಕೆಂದೇನಿದೆ ಎಂದೂ ಒಳಗೊಳಗೇ ಅಂದುಕೊಂಡಿದ್ದೆ. ಆದರೂ ಅಕ್ಕನ ಕಣ್ಣಿಗೆ ಬೇಕಾದ್ದನ್ನೆಲ್ಲ ನಕ್ಷೆಯಲ್ಲಿ ಹಾಕಿಸಿದೆ. ಮೂಡಣಕ್ಕೆ ನಾಲ್ಕು ದೊಡ್ಡ ಕಿಟಕಿ, ಅಲ್ಲಿಂದ ಕೆರೆ. ನಡುಮನೆಗಿಂತ ಎರಡು ಮೆಟ್ಟಿಲು ಎತ್ತರದಲ್ಲಿ ಕೂರಲು ಪಡಸಾಲೆ. ಬಾಗಿಲಿಗೆ ಒಳ್ಳೆಯ ಕೆತ್ತನೆಯ ಹೊಸ್ತಿಲು. ಆ ನಕ್ಷೆ ಹಿಡಿದು ನಾನು ಮತ್ತು ದಾವಲಸಾಬ ಗುಡ್ಡ ಹತ್ತಲು ಶುರುಮಾಡಿದೆವು. ಅಕ್ಕನನ್ನು ಕರೆದುಕೊಂಡು ಹೋಗಲಿಲ್ಲ. ಮನೆ ಯಾರದೋ ಅವರು ಬರಬೇಕು ಎನ್ನುವುದು ಪದ್ಧತಿ. ಅವಳು ಕಲ್ಲಿಗೆ ಕಲ್ಲಿಗೆ ಎಡವುತ್ತಾಳೆ, ಬಿದ್ದು ಕೈಕಾಲು ಮುರಿದುಕೊಂಡರೆ ಏನು ಗತಿ ಎಂದು ನಾನೇ ಪದ್ಧತಿಯನ್ನು ಮುರಿದೆ. ಮನೆಯಲ್ಲಿ ನಾನೂ ಇರುವವಳೇ ತಾನೆ ಎಂದು ದಾವಲಸಾಬನ ಬಾಯಿ ಮುಚ್ಚಿಸಿದೆ.

ಗುಡ್ಡಕ್ಕೆ ಮೂರು ಹಾದಿ. ಬಂಡಿ ಹಾದಿ ಸುತ್ತು, ಆದರೆ ಸಲೀಸು. ಆಡಿನ ಹಾದಿ ಕಡಿದು, ಅಲ್ಲಲ್ಲಿ ಕೈಯನ್ನೂ ಕಾಲಿನಂತೆ ಬಳಸಬೇಕು. ಹೊಂಡದ ಹಾದಿಯಲ್ಲಿ ಸೀತಾಫಲದ ಗಿಡ ಬಹಳ, ಅಷ್ಟೇ ಕೋತಿಗಳು. ಮೂವತ್ತು ವರ್ಷ ಮಿಷನ್ನಿನ ಮುಂದೆ ಕೂತ ನನಗೆ ಮೊದಲ ವಾರ ತೊಡೆ ಹಿಡಿದುಕೊಂಡು ಶೌಚಕ್ಕೆ ಕೂರುವುದೇ ಕಷ್ಟವಾಯಿತು. ಮೂರನೇ ವಾರಕ್ಕೆ ನಡೆಯುವ ಚಟ ಹಿಡಿಯಿತು. ಹತ್ತುವಾಗ ಯಾವ ಯೋಚನೆಯೂ ಬರುವುದಿಲ್ಲ, ಇರುವ ಉಸಿರು ಉಸಿರಾಟಕ್ಕೇ ಸಾಲದು. ಇಳಿಯುವಾಗ ಮಾತ್ರ ಎಲ್ಲ ಯೋಚನೆಗಳೂ ಒಟ್ಟಿಗೆ ಬಂದು ಜೊತೆಗೆ ಇಳಿಯುತ್ತವೆ. ಹಾಗಾಗಿ ನಾನು ಹತ್ತುವುದನ್ನು ಇಷ್ಟಪಡುತ್ತಿದ್ದೆ, ಇಳಿಯುವುದನ್ನು ಮುಂದೂಡುತ್ತಿದ್ದೆ. ದಾವಲಸಾಬ ನಮಾಜಿಗೆ ಹೊತ್ತಾಯಿತು ಎಂದು ಗೊಣಗುವವರೆಗೂ ಇನ್ನೊಂದು ತಿರುವು, ಇನ್ನೊಂದು ಗೋಡೆ ಎಂದು ಎಳೆಯುತ್ತಿದ್ದೆ.

ನಿಜ ಹೇಳಬೇಕೆಂದರೆ ನನಗೆ ಬೇರೆಯವರ ಹಾಳುಗಳ ಮೇಲೂ ಆಸೆ ಬಂದಿತ್ತು. ಇನ್ನೊಬ್ಬರ ಅಡುಗೆಮನೆಯಲ್ಲಿ ಇಣುಕುವ ಬುದ್ಧಿ ಯಾರಿಗಿಲ್ಲ? ಒಲೆಕಟ್ಟೆಯ ಉದ್ದ ನೋಡಿ ಅಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂದು ಹೇಳಬಲ್ಲವಳಾದೆ. ಒಂದು ಮನೆಯಲ್ಲಿ ಒಳಗಿನ ಅಗುಳಿಯ ತೂತು ಮೂರು ಕಡೆ ಇತ್ತು. ಆ ಮನೆಯ ಹೆಂಗಸು ಯಾರಿಗೋ ಹೆದರುತ್ತಾಳೆ. ಇನ್ನೊಂದು ಮನೆಯ ಹಿತ್ತಲ ಕಟ್ಟೆ ಇಬ್ಬರು ಕೂತಷ್ಟು ಅಗಲಕ್ಕೆ ನುಣ್ಣಗಾಗಿತ್ತು, ಮೂರನೆಯವರಿಗೆ ಅಲ್ಲಿ ಜಾಗವೇ ಇದ್ದಂತಿರಲಿಲ್ಲ. ಇವರೆಲ್ಲ ಯಾರು, ಹುಟ್ಟಿದ್ದಾರೋ ಇಲ್ಲವೋ, ನನ್ನ ಅಂಗಡಿಗೆ ರವಿಕೆ ಹೊಲಿಸಲು ಬರುವವರಲ್ಲಿ ಇದ್ದಾರೋ ಎಂದು ದಾರಿಯುದ್ದಕ್ಕೂ ಕೇಳಿಕೊಳ್ಳುತ್ತಿದ್ದೆ. ನಮ್ಮದೊಂದು ಮಾತ್ರ ಸಿಗಲಿಲ್ಲ. ಮೂಡಣಕ್ಕೆ ನಾಲ್ಕು ಕಿಟಕಿ ಇರುವ ಹಾಳು ಇಡೀ ಗುಡ್ಡದಲ್ಲಿ ಎಲ್ಲೂ ಇರಲಿಲ್ಲ.

ಸುಸ್ತಾದಾಗ ನಾವು ಬುತ್ತಿ ಬಿಚ್ಚುತ್ತಿದ್ದದ್ದು ಕುದುರೆ ಲಾಯದಲ್ಲಿ. ಬಂಡಿ ಹಾದಿಯ ಕೊನೆಯ ತಿರುವಿನಲ್ಲಿ, ಬೇವಿನ ನೆರಳಿಗೆ ಬರುವ ಚಿಕ್ಕ ಕಟ್ಟಡ ಅದು. ಇಲಾಖೆಯವರು ಬೋರ್ಡು ಹಾಕಿದ್ದರು: ‘ಕುದುರೆ ಲಾಯ. ಕಾಲ ತಿಳಿದುಬಂದಿಲ್ಲ. ಗೋಡೆಯ ಸವಕಳಿ ಕುದುರೆಗಳು ಕುತ್ತಿಗೆ ಉಜ್ಜಿದ್ದರಿಂದ ಆದದ್ದು. ನೆಲದ ಕುಳಿಗಳು ಗೂಟದವು.’ ಊರಿನವರೂ ಅದನ್ನು ಲಾಯವೆಂದೇ ಒಪ್ಪಿದ್ದರು. ಯಾಕೆಂದರೆ ಅದಕ್ಕೆ ಹೊಸ್ತಿಲಿರಲಿಲ್ಲ. ಹೊರಬಾಗಿಲಿಗೂ ಇಲ್ಲ, ಒಳಗಿನ ಎರಡು ಬಾಗಿಲಿಗೂ ಇಲ್ಲ. ಹೊಸ್ತಿಲಿಲ್ಲದ ಮನೆಯನ್ನು ಯಾರಾದರೂ ಕಟ್ಟುತ್ತಾರೆಯೇ? ಅರಿಶಿನ ಎಲ್ಲಿಗೆ ಹಚ್ಚಬೇಕು, ಸೊಸೆ ಏನನ್ನು ದಾಟಿ ಬರಬೇಕು? ಆರು ಸಲವಾದರೂ ಅಲ್ಲಿ ಕೂತು ರೊಟ್ಟಿ ಚಟ್ನಿ ತಿಂದಿದ್ದೇವೆ. ಕುದುರೆಗಳ ಪುಣ್ಯ, ನಮಗಿಂತ ಒಳ್ಳೆ ತಂಪು ಜಾಗ ಸಿಕ್ಕಿದೆ ಎಂದು ನಾನು ಒಮ್ಮೆ ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದೆ.

ಎರಡು ತಿಂಗಳು ಹೋಗಿ ನಾಲ್ಕಾಯಿತು, ಆರಾಯಿತು. ಅಕ್ಕನ ತಟ್ಟೆ ಬಟ್ಟಲಾಯಿತು. ಲೋಟ ಹುಡುಕಲು ಮೇಜಿನ ಮೇಲೆ ಕೈ ಆಡಿಸುವುದನ್ನು ಕಲಿತಳು. ನಾನು ಕಾಣದವಳಂತೆ ಬೆನ್ನು ತಿರುಗಿಸಿ ಗುಂಡಿ ಹಚ್ಚುತ್ತಿದ್ದೆ. ಒಂದು ಸಂಜೆ ದಾವಲಸಾಬ ಅಂಗಡಿಗೆ ಬಂದು, ಕೂರೆಂದರೂ ಕೂರದೆ, ಬಾಗಿಲಲ್ಲೇ ನಿಂತು ಹೇಳಿದ.

“ಅನಸಕ್ಕಾರ, ಗುಡ್ಡ ಮುಗೀತ್ರಿ. ನಿಮ್ಮ ಹಾಳ ಅಲ್ಲಿ ಇಲ್ಲ. ನಾ ಗುದ್ದಲಿ ಮುಟ್ಟಂಗಿಲ್ಲ. ನಮ್ಮ ಅಪ್ಪ ಹೇಳತಿದ್ದ, ಬೀಳದ ಮನಿ ಏಳೂದಿಲ್ಲ ಅಂತ. ಮಾಸ್ತರರ ಸರಳ ನೋಡೀರಲ್ಲ.”

“ಹುಡುಕಿದ್ದು ಸಾಲದು ನೋಡು. ಆಡಿನ ಹಾದಿ ಮ್ಯಾಲ ಇನ್ನೊಮ್ಮೆ ಹೋಗೂಣು,” ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

ಅಂಗಡಿಯ ಹಿಂದಿನ ನಮ್ಮ ಕೋಣೆಯಿಂದ ಅಕ್ಕ ಗೋಡೆ ಹಿಡಿದುಕೊಂಡು ಬಂದಳು. “ನನ್ನ ಮನಿ ಹುಡುಕಾಕ ಆರು ತಿಂಗಳ ನನ್ನನ್ನ ಬಿಟ್ಟು ಅಡ್ಡಾಡೀರಿ. ಹೆಣ್ಣನ್ನ ಮನ್ಯಾಗ ಕೂಡಿಸಿ ಹೆಣ್ಣಿನ ತಂಗಿಗೆ ವರ ತೋರಿಸಿದಂಗಾತು. ನಾಳೆ ನಾ ಬರ್ತೀನಿ.”

“ನೀ ಬಿದ್ದರ?”

“ಎಂಟು ಊರಾಗ ಬಿದ್ದವರನ್ನ ಎತ್ತಿದಾಕಿ ನಾ. ಬಿದ್ದರ ಹೆಂಗ ಏಳಬೇಕು ಅಂತ ಗೊತ್ತೈತಿ.”

ಮರುದಿನ ಬೆಳಿಗ್ಗೆ ಮೂವರೂ ಬಂಡಿ ಹಾದಿ ಹಿಡಿದೆವು. ಅಕ್ಕ ನನ್ನ ಮೊಳಕೈ ಹಿಡಿದಿದ್ದಳು. ನಾನು ಪ್ರತಿ ಕಲ್ಲಿಗೂ ಕಲ್ಲು, ಕಲ್ಲು ಎನ್ನುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅವಳು, “ನಿನ್ನ ಬಾಯಿ ಮುಚ್ಚು, ಹಕ್ಕಿ ಕೇಳವಲ್ದು,” ಎಂದಳು. ಆಮೇಲೆ ನಡಿಗೆ ಸಲೀಸಾಯಿತು. ನಾನು ಆರು ತಿಂಗಳಲ್ಲಿ ಕೇಳದ ಹಕ್ಕಿಗಳನ್ನು ಅವಳು ಆ ಒಂದು ಬೆಳಿಗ್ಗೆ ಕೇಳಿಸಿದಳು. ಬಂಡೆಯ ಬಿಸಿ ಯಾವ ಬದಿಯಿಂದ ಬರುತ್ತಿದೆ ಎಂದು ಹೇಳಿದಳು, ಹೊಂಡದ ನೀರು ಹತ್ತಿರವಾದದ್ದನ್ನು ಮೂಗಿನಿಂದ ಹೇಳಿದಳು. ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಕಣ್ಣಿಲ್ಲದೆ ಬದುಕುವ ತಾಲೀಮನ್ನು ಅವಳು ನನಗೆ ಗೊತ್ತಾಗದ ಹಾಗೆ ಯಾವಾಗಲೋ ಶುರುಮಾಡಿದ್ದಳು.

ನಕ್ಷೆಗೆ ಸ್ವಲ್ಪವಾದರೂ ಹೋಲುವ ಐದು ಹಾಳುಗಳನ್ನು ತೋರಿಸಿದೆ. ಐದೂ ಕಡೆ ಬಾಗಿಲಲ್ಲೇ ಅವಳ ಕಾಲು ಹೊಸ್ತಿಲಿಗೆ ಬಡಿಯಿತು. ನಾಲ್ಕನೆಯದರಲ್ಲಿ ಹೆಬ್ಬೆರಳಿನ ಉಗುರು ಎದ್ದು ರಕ್ತ ಬಂತು. ಅವಳೇ ಕೂತು, ತನ್ನ ಚೀಲದಿಂದ ಹತ್ತಿ ತೆಗೆದು ಕಟ್ಟಿಕೊಂಡಳು. ಐದನೆಯದರ ಒಳಗೆ ನಿಂತು ಮೂಸಿದವಳಂತೆ ಮಾಡಿ, “ಇದು ಯಾರದೋ. ನಂದಲ್ಲ,” ಎಂದಳು. ದಾವಲಸಾಬ ಸೂರ್ಯನನ್ನು ನೋಡಿದ. ಉಳಿದದ್ದು ಊಟವೊಂದೇ.

ಕುದುರೆ ಲಾಯದ ಹತ್ತಿರ ಬಂದಾಗ ನಾನು ಬುತ್ತಿಯ ಗಂಟು ಬಿಚ್ಚಲು ಅವಳ ಕೈ ಬಿಟ್ಟೆ. ಅಕ್ಕ ಯಾವುದೋ ಹಳೆಯ ಆಸ್ಪತ್ರೆಯ ಕತೆ ಹೇಳುತ್ತಿದ್ದಳು. ಡಾಕ್ಟರು ಒಬ್ಬರು ಕುರಿ ಕಚ್ಚಿದ್ದಕ್ಕೆ ರಜೆ ಹಾಕಿದ್ದು. ಹೇಳುತ್ತಾ ಹೇಳುತ್ತಾ ಒಳಗೆ ನಡೆದಳು. ಹೊರಬಾಗಿಲು ದಾಟಿದಳು, ನಡುವಿನ ಬಾಗಿಲು ದಾಟಿದಳು, ಹಿಂದಿನ ಕೋಣೆಯಿಂದ ಅವಳ ಮಾತು ಕೇಳಿಸುತ್ತಲೇ ಇತ್ತು. ನನ್ನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಅವಳು ಎಡವಿರಲಿಲ್ಲ.

“ಅಕ್ಕಾ,” ಎಂದೆ. “ವಾಪಸ್ ಬಾ.”

“ಯಾಕ?” ಎನ್ನುತ್ತಾ ಬಂದಳು. ಬರುವಾಗ ಅವಳ ಬಲಗೈ ತಾನಾಗಿಯೇ ಗೋಡೆಗೆ ಹೋಗಿತ್ತು. ಆ ಕೈ ಸವಕಳಿಯ ಕಾಲುವೆಯಲ್ಲಿ ಜಾರಿಕೊಂಡು ಬಂತು. ಸೊಂಟದ ಎತ್ತರಕ್ಕೆ, ನಾಲ್ಕು ಬೆರಳಿನ ಅಗಲಕ್ಕೆ, ಮೂಲೆಗಳಲ್ಲೂ ತುಂಡಾಗದೆ ಓಡುವ ಕಾಲುವೆ. ಅವಳು ನಿಂತಳು. ಕೈ ತೆಗೆದಳು, ಮತ್ತೆ ಇಟ್ಟಳು. ನನ್ನನ್ನು ಕರೆದು ನಿನ್ನ ಕೈ ಇಡು ಎಂದಳು. ನಾನು ಅವಳಿಗಿಂತ ಒಂದು ಗೇಣು ಎತ್ತರ, ನನಗೆ ಬಗ್ಗಬೇಕಾಯಿತು.

ದಾವಲಸಾಬ ಎದ್ದು ಬಂದು ಗೋಡೆಗೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದ. “ಆ ಬೋರ್ಡ ಬರದವ್ನ ತಲಿ. ಕುದುರಿ ಕುತ್ತಿಗಿ ಉಜ್ಜಿದ್ರ ಇಷ್ಟ ಸಣ್ಣಗೆ ಸವಿಯಂಗಿಲ್ರಿ. ಒಳಗ ಕ್ವಾಣಿಗೆ ಹೋಗಿ, ಅಡಗಿಮನಿಗೆ ಹೋಗಿ, ಬಚ್ಚಲಕ್ಕೂ ಹೋಗೈತಿ. ಕುದುರಿಗೆ ಬಚ್ಚಲ ಯಾಕ್ರಿ? ಇದು ಮನಷ್ಯಾರ ಕೈ. ಒಂದ ಕೈ.”

ನಾನು ಕಾಲುವೆಯನ್ನು ಅದು ಮುಗಿಯುವವರೆಗೂ ಹಿಂಬಾಲಿಸಿದೆ. ಮಂಚದ ಗೂಡಿನಿಂದ ಹೊರಟು ಎಲ್ಲ ಕಡೆ ಸುತ್ತಿ ಅದು ಮುಂದಿನ ಕೋಣೆಯ ಬಾಗಿಲ ಪಕ್ಕದಲ್ಲಿ ನಿಂತುಬಿಡುತ್ತಿತ್ತು. ನಿಂತ ಜಾಗದ ಎದುರಿಗೇ ನೆಲದ ಚಪ್ಪಡಿಯಲ್ಲಿ ನಾಲ್ಕು ಕುಳಿ. ಆರು ಸಲ ಅದೇ ಕುಳಿಗಳಲ್ಲಿ ಚಟ್ನಿಯ ಡಬ್ಬಿ ಕೂರಿಸಿದ್ದೆನಲ್ಲ. ಕೊರಳಿನ ಪಟ್ಟಿ ತೆಗೆದು ಅಳೆದೆ. ಅಳೆಯುವ ಮೊದಲೇ ಗೊತ್ತಿತ್ತು. ನಾಲ್ಕು ಬಾಡಿಗೆ ಮನೆಗಳಿಗೆ ನನ್ನ ಹೊಲಿಗೆಯ ಕಾಲುಮಿಷನ್ನನ್ನು ನಾನೇ ಎತ್ತಿ ಇಳಿಸಿದ್ದೇನೆ, ಅದರ ನಾಲ್ಕು ಕಾಲಿನ ನಡುವಿನ ಅಂತರ ನನ್ನ ಸೊಂಟದ ಅಳತೆಗಿಂತ ಚೆನ್ನಾಗಿ ಗೊತ್ತು. ಒಂದು ದಾರದಷ್ಟೂ ವ್ಯತ್ಯಾಸ ಇರಲಿಲ್ಲ.

ನಾನು ಕುಳಿಗಳ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಯಾವುದಕ್ಕೆ ಅತ್ತೆ ಎಂದು ವಿಂಗಡಿಸಿ ಹೇಳುವುದು ಕಷ್ಟ. ಮನೆ ಸಿಕ್ಕಿದ್ದಕ್ಕೆ ಅತ್ತೆ. ಆ ಮನೆಯಲ್ಲಿ ಮೂಡಣಕ್ಕೆ ಒಂದೇ ಒಂದು ಸಣ್ಣ ಕಿಟಕಿ ಇದ್ದದ್ದಕ್ಕೆ, ಮೆಟ್ಟಿಲಿಲ್ಲದ್ದಕ್ಕೆ, ಹೊಸ್ತಿಲಿಲ್ಲದ್ದಕ್ಕೆ ಅತ್ತೆ. ಡಾಕ್ಟರು ಹೇಳಿದ್ದು ಸುಳ್ಳಾಗುವ ಮನೆಯನ್ನು ನಾನು ಆರು ತಿಂಗಳು ಹುಡುಕಿದ್ದೆ. ಅದು ಗುಡ್ಡದ ಮೇಲೆ ಇರಲಿಲ್ಲ, ಯಾಕೆಂದರೆ ಎಲ್ಲೂ ಇರಲಿಲ್ಲ. ನನ್ನ ಹಟಕ್ಕೆ ಅಕ್ಕನ ಆರು ತಿಂಗಳ ಕಣ್ಣು ಹೋಯಿತು. ಮೊದಲ ದಿನವೇ ಅವಳನ್ನು ಕರೆತಂದಿದ್ದರೆ ಮೊದಲ ದಿನವೇ ಅವಳು ಎಡವದೆ ಒಳಗೆ ನಡೆದಿರುತ್ತಿದ್ದಳು, ಇಷ್ಟು ಹೊತ್ತಿಗೆ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿರುತ್ತಿತ್ತು. ಮೊದಲೇ ಕರೆತರದಿದ್ದದ್ದು ನನ್ನದೇ ತಪ್ಪು ಎಂದಷ್ಟೇ ಅವಳಿಗೆ ಹೇಳಿದೆ, ಮೂಗು ಒರೆಸಿಕೊಳ್ಳುತ್ತಾ.

ಅವಳು ಕೇಳಿಸಿಕೊಂಡಳೋ ಇಲ್ಲವೋ. ಬೆರಳಿನ ಗಿಣ್ಣನ್ನು ಕಾಲುವೆಯೊಳಗೆ ಇಟ್ಟು ಆಳ ನೋಡುತ್ತಿದ್ದಳು. “ದಾವಲಸಾಬ, ಗಚ್ಚಿನ ಗ್ವಾಡಿ ಇಷ್ಟು ಸವಿಯಾಕ ಎಷ್ಟು ದಿನ ಬೇಕು?”

ಅವನು ತನ್ನ ಹೆಬ್ಬೆರಳಿನಿಂದ ಅಳೆದು, ಬಾಯಲ್ಲೇ ಏನೋ ಲೆಕ್ಕ ಹಾಕಿದ. “ದಿನಾ ಹತ್ತಿಪ್ಪತ್ತು ಸಲ ಅಡ್ಡಾಡಿದ್ರೂ ಇಪ್ಪತ್ತೈದು ವರ್ಷಕ್ಕ ಕಡಿಮಿ ಇಲ್ಲರಿ, ಬಾಯಾರ.”

“ಮನಿ ಏಳೂದರಾಗ ನನಗ ಅರವತ್ತೊಂದು. ಅಂದ್ರ ಎಂಬತ್ತಾರು,” ಎಂದಳು ಅಕ್ಕ. ಮುಖದ ಮೇಲೆ ನಗು ನಿಧಾನಕ್ಕೆ ಹರಡಿತು. “ಕೇಳಿದೇನು ಅನಸಿ? ಎಂಬತ್ತಾರರ ತನಕ ನಿನ್ನ ಕೈಯಾನ ಉಪ್ಪಿಲ್ಲದ ಸಾರು ಉಣಬೇಕಂತ. ಯಾವ ಜನ್ಮದ ಪಾಪೋ.”

ಅಳುವಿನ ನಡುವೆಯೇ ನನಗೆ ನಗು ಬಂತು. ದಾವಲಸಾಬ ನನ್ನ ನಕ್ಷೆಯನ್ನು ತಿರುವಿ ಹಿಂಬದಿಯಲ್ಲಿ ಹೊಸ ಗೆರೆ ಎಳೆಯಲು ಕೂತ. ಹೊಸ್ತಿಲು ಬೇಡ. ಮೆಟ್ಟಿಲು ಬೇಡ. ಒಂದು ಕಿಟಕಿ. ಗೋಡೆಗೆ ಒಳ್ಳೆಯ ಗಚ್ಚು. ಸೋಮವಾರವೇ ಪಾಯ ತೋಡುತ್ತೇನೆ ಎಂದ. ನಾನು ಮುಖ ಒರೆಸಿಕೊಂಡು ಎದ್ದು ಅವನ ಮುಂದೆ ನಿಂತೆ.

“ಹತ್ತು ತಿಂಗಳ ಆಗೂದಿಲ್ಲ. ಐದು ತಿಂಗಳದಾಗ ಮುಗಿಸು. ಎರಡು ಪಾಳಿ ಆಳ ಹಚ್ಚು. ಅಂಗಡಿ ಮುಚ್ಚಿ ನಾನೂ ಬಂದು ಕಲ್ಲು ಹೊರ್ತೀನಿ.”

ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ನೆಲ ನೋಡಿದ. “ಗಚ್ಚು ಒಣಗಬೇಕಲ್ರಿ, ಅನಸಕ್ಕಾರ. ಅದು ನನ್ನ ಮಾತ ಕೇಳಂಗಿಲ್ಲ.”

“ಅವನ ಜೀವ ಯಾಕ ತಿಂತಿ?” ಎಂದಳು ಅಕ್ಕ. “ಹತ್ತು ತಿಂಗಳ ಅಂದ್ರ ಹತ್ತು ತಿಂಗಳ. ಅವಸರದಾಗ ಬಡಿದ ಗಚ್ಚು ಇಪ್ಪತ್ತೈದು ವರ್ಷ ನನ್ನ ಕೈಯ ತಡೀತೈತೇನು?”

“ಅಷ್ಟ್ರಾಗ ನಿನ್ನ ಕಣ್ಣು…” ಎಂದೆ. ಆರು ತಿಂಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು, ಅದೂ ಪೂರ್ತಿ ಹೊರಬರಲಿಲ್ಲ.

“ಹೌದು. ಅಷ್ಟ್ರಾಗ ಹೋಗಿರ್ತಾವು.” ಅವಳು ಕನ್ನಡಕ ತೆಗೆದು, ಸೆರಗಿನಿಂದ ಎರಡೂ ಬದಿ ಒರೆಸಿ, ಮತ್ತೆ ಹಾಕಿಕೊಂಡಳು. “ಕಟ್ಟಿದ್ದನ್ನ ಕೈಲೆ ನೋಡ್ತೀನಿ. ಕಣ್ಣಲೆ ನೋಡೂ ಮನಿ ನನಗ ಈ ಹಾಳ ಒಂದ. ಅನಸಿ, ನೀ ಬೆಳಕಿಗೆ ಅಡ್ಡ ನಿಂತಿ. ತುಸು ಸರಿ.”

ನಾನು ಸರಿದು ನಿಂತೆ. ಅವಳು ಎಡಗಡೆಯ ಮೇಲಿನ ಮೂಲೆಯಿಂದ ಶುರುಮಾಡಿ, ತಲೆಯನ್ನು ಚೂರು ಚೂರೇ ತಿರುಗಿಸುತ್ತಾ, ಆ ಬಟ್ಟಲಷ್ಟು ಕಣ್ಣಿನಿಂದ ತನ್ನ ಮನೆಯ ಒಂದೊಂದೇ ಕಲ್ಲನ್ನು ನೋಡತೊಡಗಿದಳು.